ಕೆಡಿಎಂ ಬೆಸುಗೆ, ಬೀಡಿಯ ಹೊಗೆ ಮತ್ತು ನಮ್ಮ ಹೃದಯ: ಕ್ಯಾಡ್ಮಿಯಂ ಬಗ್ಗೆ ತಿಳಿದಿರಬೇಕಾದ್ದು



ಬಿಪಿ, ಶುಗರ್, ಕೊಲೆಸ್ಟ್ರಾಲ್ ಬಗ್ಗೆ ನಿಮಗೆಲ್ಲ ಗೊತ್ತು. ಇವತ್ತಿನ ವಿಷಯ ಹೃದ್ರೋಗದ ಮಾತು ಬಂದಾಗ ಯಾರೂ ಎತ್ತದ ಒಂದು ಲೋಹ.

ಕೆಲವು ತಿಂಗಳ ಹಿಂದೆ ಕುಮಟಾ ಕಡೆಯ ಅಕ್ಕಸಾಲಿಗರೊಬ್ಬರು ನನ್ನ ಹತ್ತಿರ ಬಂದಿದ್ದರು. ವಯಸ್ಸು 54. ಮುಂಬೈಯಲ್ಲಿ 30 ವರ್ಷದಿಂದ ಚಿನ್ನದ ಕೆಲಸ. ಎರಡು ಮಹಡಿ ಹತ್ತಿದರೆ ಎದೆ ಬಿಗಿಯುತ್ತದೆ, ಸ್ವಲ್ಪ ದೂರ ನಡೆದರೆ ಮೀನಖಂಡ ಸೆಳೆಯುತ್ತದೆ ಎಂದರು. ಬಿಪಿ ಹೆಚ್ಚಿತ್ತು, ಶುಗರ್ ಇರಲಿಲ್ಲ.

"ಬೆಸುಗೆಗೆ ಏನು ಬಳಸ್ತೀರಿ?" ಎಂದು ಕೇಳಿದೆ.

"ಮೊದಲು ಕೆಡಿಎಂ ಸರ್. ಈಗ ಬಿಟ್ಟು ಹತ್ತು ವರ್ಷ ಆಯ್ತು."

"ಬೀಡಿ?"

ಅವರು ಸುಮ್ಮನಾದರು. ಪಕ್ಕದಲ್ಲಿದ್ದ ಹೆಂಡತಿ ಹೇಳಿದರು, "ದಿನಕ್ಕೊಂದು ಕಟ್ಟು, ಡಾಕ್ಟ್ರೇ."

ಎರಡು ಪ್ರಶ್ನೆಗಳನ್ನೂ ನಾನು ಕೇಳಿದ್ದು ಒಂದೇ ಕಾರಣಕ್ಕೆ. ಆ ಬೆಸುಗೆಯಲ್ಲೂ ತಂಬಾಕಿನ ಹೊಗೆಯಲ್ಲೂ ಇರುವ ಲೋಹ ಒಂದೇ, ಕ್ಯಾಡ್ಮಿಯಂ.

*ಏನಿದು ಕ್ಯಾಡ್ಮಿಯಂ?*

ಸತುವಿನ ಅದಿರಿನ ಜೊತೆಗೇ ಸಿಗುವ ಮೃದುವಾದ ಲೋಹ. 1817ರಲ್ಲಿ ಜರ್ಮನಿಯ ವಿಜ್ಞಾನಿ ಸ್ಟ್ರೋಮೇಯರ್ ಇದನ್ನು ಗುರುತಿಸಿದರು. ರೀಚಾರ್ಜ್ ಆಗುವ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ, ಹಳದಿ-ಕೆಂಪು ಬಣ್ಣಗಳು, ಲೋಹದ ಲೇಪನ, ಕೆಲವು ಪ್ಲಾಸ್ಟಿಕ್ಕುಗಳಲ್ಲಿ ಇದರ ಬಳಕೆಯಿದೆ. ಕಬ್ಬಿಣ, ಸತು ನಮ್ಮ ದೇಹಕ್ಕೆ ಬೇಕು. ಕ್ಯಾಡ್ಮಿಯಂ ಒಂದಿಷ್ಟೂ ಬೇಕಿಲ್ಲ.

*ಕೆಡಿಎಂ ಎಂದರೆ ಇದೇ*

"ಇದು ಕೆಡಿಎಂ ಚಿನ್ನ" ಎಂದು ಅಂಗಡಿಯಲ್ಲಿ ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಚಿನ್ನಕ್ಕೆ ಕ್ಯಾಡ್ಮಿಯಂ ಬೆರೆಸಿ ಮಾಡಿದ ಬೆಸುಗೆಗೆ ಆ ಹೆಸರು. ಹಳೆಯ ಕಾಲದಲ್ಲಿ ತಾಮ್ರ, ಬೆಳ್ಳಿ ಬೆರೆಸಿ ಬೆಸೆಯುತ್ತಿದ್ದರು. ಆಭರಣ ಕರಗಿಸಿದಾಗ ಅವು ಚಿನ್ನದಲ್ಲೇ ಉಳಿದು ಶುದ್ಧತೆ ಇಳಿಯುತ್ತಿತ್ತು. ಕ್ಯಾಡ್ಮಿಯಂ ಹಾಗಲ್ಲ. 321 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 767ಕ್ಕೆ ಕುದಿದು ಹಾರಿಹೋಗುತ್ತದೆ. ಚಿನ್ನ ಕರಗುವುದು 1,064 ಡಿಗ್ರಿಗೆ. ಹಾಗಾಗಿ ಕರಗಿಸುವಾಗ ಕ್ಯಾಡ್ಮಿಯಂ ಹೋಗಿ ಚಿನ್ನ ಉಳಿಯುತ್ತಿತ್ತು.

ಗಿರಾಕಿಗೆ ಇದು ಲಾಭವೇ. ಆದರೆ ಹಾರಿದ ಕ್ಯಾಡ್ಮಿಯಂ ಹೋಗುತ್ತಿದ್ದುದು ಕಿಟಕಿಯಿಲ್ಲದ ಕೋಣೆಯಲ್ಲಿ ಊದುಕೊಳವೆ ಹಿಡಿದು ಕುಳಿತವನ ಶ್ವಾಸಕೋಶಕ್ಕೆ. ಈ ಕಾರಣಕ್ಕೇ ಹಾಲ್‌ಮಾರ್ಕ್ ಆಭರಣಗಳಲ್ಲಿ ಈಗ ಕ್ಯಾಡ್ಮಿಯಂ ಬೆಸುಗೆಗೆ ಅವಕಾಶವಿಲ್ಲ.

ನಿಮ್ಮ ಮನೆಯಲ್ಲಿ ಹಳೆಯ ಕೆಡಿಎಂ ಬಳೆ ಇದ್ದರೆ ಹೆದರಬೇಡಿ. ಚರ್ಮದ ಮೂಲಕ ಇದು ಒಳಗೆ ಹೋಗುವುದು ತೀರಾ ಅತ್ಯಲ್ಪ. ಅಪಾಯವಿರುವುದು ಅದನ್ನು ಕಾಯಿಸಿದಾಗ ಏಳುವ ಹೊಗೆಯಲ್ಲಿ.

*ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ*

ಇದೇ ಈ ಲೋಹದ ದೊಡ್ಡ ತೊಂದರೆ. ಆಹಾರದಲ್ಲಿ ಬಂದ ಕ್ಯಾಡ್ಮಿಯಂನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶ ತಲುಪಿದ ಹೊಗೆಯಿಂದಾದರೆ ಅರ್ಧದವರೆಗೂ ಸೇರಬಹುದು. ಅಲ್ಲಿಂದ ಯಕೃತ್ತಿಗೆ, ಮತ್ತೆ ಮೂತ್ರಪಿಂಡಕ್ಕೆ. ಅಲ್ಲಿ ಕುಳಿತದ್ದು ಅರ್ಧ ಕಡಿಮೆಯಾಗಲು 10ರಿಂದ 30 ವರ್ಷ ಬೇಕು. ತಿಂಗಳು ತಿಂಗಳು ಆರ್‌ಡಿ ಕಟ್ಟುತ್ತಾ ಹೋದಂತೆ, ಆದರೆ ಹಣ ತೆಗೆಯುವ ಕೌಂಟರ್ ಮಾತ್ರ ಮುಚ್ಚಿದೆ.

ಇದರ ಪರಿಣಾಮ ಜಗತ್ತಿಗೆ ಗೊತ್ತಾದದ್ದು ಜಪಾನಿನಲ್ಲಿ. ತೊಯಾಮಾ ಪ್ರಾಂತ್ಯದ ಜಿನ್ಜೂ ನದಿಗೆ ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಸೇರಿತು. ಆ ನೀರು ಗದ್ದೆಗೆ ಹರಿಯಿತು, ಭತ್ತದೊಳಗೆ ಹೋಯಿತು. ವರ್ಷಗಳ ಕಾಲ ಆ ಅನ್ನ ಉಂಡ ಹೆಂಗಸರಿಗೆ, ಮುಖ್ಯವಾಗಿ ಮುಟ್ಟು ನಿಂತವರಿಗೆ, ಮೂತ್ರಪಿಂಡ ಕೆಟ್ಟು ಮೂಳೆ ಮೆತ್ತಗಾಯಿತು. ಕೆಮ್ಮಿದರೂ ಪಕ್ಕೆಲುಬು ಮುರಿಯುವಷ್ಟು. ಕಾಯಿಲೆಗೆ ಜನ ಇಟ್ಟ ಹೆಸರು "ಇತಾಯಿ-ಇತಾಯಿ". ಅಂದರೆ "ನೋವು, ನೋವು". 1968ರಲ್ಲಿ ಜಪಾನ್ ಸರ್ಕಾರ ಇದು ಮಾಲಿನ್ಯದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಂಡಿತು.

1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾಡ್ಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

*ಹೃದಯಕ್ಕೂ ಇದಕ್ಕೂ ಏನು ಸಂಬಂಧ?*

ರಕ್ತನಾಳದ ಒಳಗೋಡೆ ನುಣುಪಾಗಿದ್ದರೆ ರಕ್ತ ಸರಾಗವಾಗಿ ಹರಿಯುತ್ತದೆ. ಕ್ಯಾಡ್ಮಿಯಂ ಆ ಒಳಪದರದ ಜೀವಕೋಶಗಳನ್ನು ಹಾಳುಮಾಡುತ್ತದೆ. ಗಾಯವಾದ ಕಡೆ ಕೊಬ್ಬು ಕೂರುವುದು ಸುಲಭ. ಅಮೆರಿಕದ ಮೂಲನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿದ 'ಸ್ಟ್ರಾಂಗ್ ಹಾರ್ಟ್' ಅಧ್ಯಯನದಲ್ಲಿ, ಮೂತ್ರದಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದವರಲ್ಲಿ ಹೃದ್ರೋಗದ ಸಾವೂ ಹೆಚ್ಚು ಕಂಡಿತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರನ್ನೂ ಹೃದಯ ಮತ್ತು ರಕ್ತನಾಳದ ಕಾಯಿಲೆಗೆ ಅಪಾಯದ ಅಂಶಗಳೆಂದು ಹೇಳಿತು.

ನಮ್ಮ ಅಕ್ಕಸಾಲಿಗರ ಕಾಯಿಲೆಗೆ ಕ್ಯಾಡ್ಮಿಯಂ ಒಂದೇ ಕಾರಣ ಎಂದು ನಾನು ಹೇಳಲಾರೆ. ಬೀಡಿಯಲ್ಲಿ ಬೇರೆ ವಿಷಗಳೂ ಇವೆ. ಆದರೆ ಎರಡು ದಾರಿಯಿಂದ ಮೂವತ್ತು ವರ್ಷ ಜಮೆಯಾದದ್ದನ್ನು ಲೆಕ್ಕಕ್ಕೆ ಹಿಡಿಯದೆ ಇರಲೂ ಆಗದು.

*ನಮ್ಮ ಮನೆಗಳಿಗೆ ಬರುವ ದಾರಿಗಳು*

1. *ತಂಬಾಕು.* ತಂಬಾಕಿನ ಗಿಡ ಮಣ್ಣಿನ ಕ್ಯಾಡ್ಮಿಯಂ ಅನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಒಂದು ಸಿಗರೇಟಿನಲ್ಲಿ 1ರಿಂದ 2 ಮೈಕ್ರೋಗ್ರಾಂ ಇರುತ್ತದೆ. ಸೇದುವವರ ದೇಹದಲ್ಲಿ ಸೇದದವರಿಗಿಂತ ಸುಮಾರು ಎರಡು ಪಟ್ಟು ಕ್ಯಾಡ್ಮಿಯಂ ಇರುತ್ತದೆ. ಜಗಿಯುವ ತಂಬಾಕಿನಲ್ಲೂ ಇದೆ. "ಬಾಲ್ಕನಿಯಲ್ಲಿ ದಿನಕ್ಕೆ ಎರಡೇ" ಎನ್ನುವವರಿಗೂ ಇದು ಅನ್ವಯಿಸುತ್ತದೆ. ಎರಡು ಎರಡಾಗಿಯೇ ಅದು ಜಮೆಯಾಗುವುದು.

2. *ಕೆಲಸದ ಜಾಗ.* ಬೆಸುಗೆ, ವೆಲ್ಡಿಂಗ್, ಬ್ಯಾಟರಿ, ಗುಜರಿ, ಹಳೆ ಎಲೆಕ್ಟ್ರಾನಿಕ್ ಸಾಮಾನು ಒಡೆಯುವುದು, ಸುಡುವುದು.

3. *ಆಹಾರ.* ಕಾರ್ಖಾನೆಯ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು. ಬೇರಿನಿಂದ ಹೀರಿದ ಲೋಹ ಎಷ್ಟು ತೊಳೆದರೂ ಹೋಗುವುದಿಲ್ಲ. ಪ್ರಾಣಿಗಳ ಯಕೃತ್ತು, ಮೂತ್ರಪಿಂಡ, ಕರಾವಳಿಯವರ ಮೆಚ್ಚಿನ ಮರುವಾಯಿಯಂಥ ಚಿಪ್ಪುಗಳಲ್ಲೂ ಕ್ಯಾಡ್ಮಿಯಂ ಕೂಡಿಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ತಿಂದರೆ ಚಿಂತೆಯಿಲ್ಲ.

4. *ಮಕ್ಕಳ ಬಾಯಿ.* 2010ರಲ್ಲಿ ಅಮೆರಿಕದಲ್ಲಿ ಮಕ್ಕಳ ಅಗ್ಗದ ಆಭರಣಗಳಲ್ಲಿ ಕ್ಯಾಡ್ಮಿಯಂ ಸಿಕ್ಕಿ ಅವನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು. ಚೀಪುವ ವಯಸ್ಸಿನ ಮಕ್ಕಳ ಕೈಗೆ ಫುಟ್‌ಪಾತಿನ ಲೋಹದ ಸರ, ಉಂಗುರ ಕೊಡಬೇಡಿ.

*"ತೆಗೆಯೋಕೆ ಔಷಧಿ ಇಲ್ವಾ?"*

ಆ ತಾಯಿ ಮೊಬೈಲಿನಲ್ಲಿ ನನಗೊಂದು ಜಾಹೀರಾತು ತೋರಿಸಿದರು. ಡ್ರಿಪ್ ಹಾಕಿ ಲೋಹವನ್ನೆಲ್ಲ ತೆಗೆಯುತ್ತೇವೆ, ಬ್ಲಾಕೇಜೂ ಕರಗುತ್ತದೆ, ಆಪರೇಷನ್ ಬೇಡ ಎಂದಿತ್ತು. ಇದಕ್ಕೆ ಕೀಲೇಶನ್ ಎನ್ನುತ್ತಾರೆ. ಅವರು ಮಗಳ ಮದುವೆಗೆ ಇಟ್ಟ ಹಣ ತೆಗೆಯಲು ಸಿದ್ಧರಾಗಿದ್ದರು.

ನಾನು ಬೇಡ ಎಂದೆ. ಹಾರ್ಟ್ ಅಟ್ಯಾಕ್ ಆಗಿದ್ದ ಸಕ್ಕರೆ ಕಾಯಿಲೆಯವರ ಮೇಲೆ ಅಮೆರಿಕ, ಕೆನಡಾದಲ್ಲಿ ದೊಡ್ಡ ಪ್ರಯೋಗವೇ ನಡೆಯಿತು. 2024ರಲ್ಲಿ ಫಲಿತಾಂಶ ಬಂತು. ರಕ್ತದ ಸೀಸ ಇಳಿಯಿತು, ಆದರೆ ಹಾರ್ಟ್ ಅಟ್ಯಾಕ್, ಸಾವು ಕಡಿಮೆಯಾಗಲಿಲ್ಲ. ವರ್ಷಗಳಿಂದ ಮೂತ್ರಪಿಂಡದಲ್ಲಿ ಕುಳಿತ ಕ್ಯಾಡ್ಮಿಯಂ ತೆಗೆಯಲು ಭರವಸೆಯ ಔಷಧಿ ಇಲ್ಲ. 'ಡಿಟಾಕ್ಸ್' ಪುಡಿ, ಕಷಾಯಗಳಿಗೂ ಇದೇ ಮಾತು.

*ಹಾಗಾದರೆ ಏನು ಮಾಡಬೇಕು?*

✔ ತಂಬಾಕು ಬಿಡಿ. ಸರ್ಕಾರದ ಉಚಿತ ಸಹಾಯವಾಣಿ 1800-11-2356. ಕನ್ನಡದಲ್ಲೂ ಮಾತನಾಡಬಹುದು.

✔ ಮನೆಯ ಹೆಂಗಸರ, ಮಕ್ಕಳ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದಂಶ ಕಡಿಮೆಯಿದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಹೀರುತ್ತದೆ. ರಕ್ತಹೀನತೆಗೆ ಚಿಕಿತ್ಸೆ ಪಡೆಯುವುದೂ ಒಂದು ರಕ್ಷಣೆ.

✔ ಸೊಪ್ಪು ತಿನ್ನುವುದನ್ನು ಬಿಡಬೇಡಿ. ಕೊಳಚೆ ನೀರಿನಲ್ಲಿ ಬೆಳೆದದ್ದನ್ನು ಬಿಡಿ, ಒಂದೇ ಕಡೆಯಿಂದ ಒಂದೇ ಬಗೆಯದನ್ನು ತರಬೇಡಿ.

✔ ಹಳೆ ಬ್ಯಾಟರಿ, ವಯರು ಸುಡಬೇಡಿ. ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ.

✔ ಬೆಸುಗೆ ಕೆಲಸದವರು ಹೊಗೆ ಹೊರಗೆಳೆಯುವ ವ್ಯವಸ್ಥೆ ಇಲ್ಲದ ಕೋಣೆಯಲ್ಲಿ ಕೂರಬೇಡಿ. ಬಾಯಿಗೆ ಕಟ್ಟಿದ ಕರವಸ್ತ್ರ ಈ ಹೊಗೆಯನ್ನು ತಡೆಯುವುದಿಲ್ಲ. ಕೈ ತೊಳೆಯದೆ ಊಟ, ಬೀಡಿ ಬೇಡ.

*ಎಚ್ಚರಿಕೆ:* ಹೊಗೆ ಕುಡಿದ ಕೆಲವು ಗಂಟೆಗಳ ನಂತರ ಜ್ವರ, ಮೈಕೈ ನೋವು, ಕೆಮ್ಮು, ಉಸಿರಾಟದ ಕಷ್ಟ ಶುರುವಾದರೆ "ಫ್ಲೂ ಇರಬೇಕು" ಎಂದು ಮಲಗಬೇಡಿ. ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಹೇಳಿ.

ಎಲ್ಲರೂ ಕ್ಯಾಡ್ಮಿಯಂ ಪರೀಕ್ಷೆ ಮಾಡಿಸಬೇಕಿಲ್ಲ. ಇಂಥ ಕೆಲಸದಲ್ಲಿ ಇದ್ದವರು, ಇರುವವರು ಮಾತ್ರ ವೈದ್ಯರನ್ನು ಕೇಳಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಶುರುವಿನ ಹಾನಿ ಮಾಮೂಲಿ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಕಾಣದಿರಬಹುದು.

ನಮ್ಮ ಅಕ್ಕಸಾಲಿಗರಿಗೆ ಸ್ಟೆಂಟ್ ಹಾಕಿದೆವು. ಬೀಡಿ ಬಿಟ್ಟು ಐದು ತಿಂಗಳಾಯಿತು. ಮೊನ್ನೆ ಬಂದಾಗ ಕೇಳಿದರು, "ಒಳಗಿರೋದು ಹೋಗಲ್ಲ ಅಂದ್ರಲ್ಲ ಸರ್, ಮತ್ತೆ ಬಿಟ್ಟು ಏನು ಪ್ರಯೋಜನ?" ನಾನು ಹೇಳಿದೆ, "ಬಿಟ್ಟ ದಿನದಿಂದ ಕಂತು ಕಟ್ಟೋದು ನಿಂತಿದೆ. ನಿಮ್ಮ ಕೈಲಿರೋದು ಅದೊಂದೇ, ಅದೇನು ಸಣ್ಣದಲ್ಲ."

ನಿಮ್ಮ ಬಳಗದಲ್ಲಿ ಚಿನ್ನದ ಕೆಲಸ, ವೆಲ್ಡಿಂಗ್, ಗುಜರಿ ಕೆಲಸದವರಿದ್ದರೆ ಇದನ್ನು ಅವರಿಗೆ ತಪ್ಪದೆ ಕಳುಹಿಸಿ. ಓದಲು ಬಾರದವರಿಗೆ ಓದಿ ಹೇಳಿ.

ಆರೋಗ್ಯವಾಗಿರಿ.