ಸೀಲ್ ಒಡೆಯುವ ಮುನ್ನ

ಕಳೆದ ಬೇಸಿಗೆಯಲ್ಲಿ ನಾನು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿನ ಮಗಳ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಹನ್ನೊಂದು ವರ್ಷದ ಮೊಮ್ಮಗ ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಹಿಡಿದು, ಅಳು ತಡೆದುಕೊಂಡು ಬಂದ. "ತಾತಾ, ಮೆಟ್ಟಿಲ ಮೇಲಿಂದ ಬಿದ್ದುಬಿಡ್ತು."

ಪೆಟ್ಟಿಗೆಯ ಕೆಳಗಿನ ಮೂಲೆ ಸೀಳಿತ್ತು. ಒಳಗೊಂದು ಪೋಕೆಮಾನ್ ಕಾರ್ಡು. ಅದರ ಅಂಚಿನಲ್ಲೇ ಸಾಸಿವೆಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಚೂರು. ಪೆಟ್ಟಿಗೆ ಅಲುಗಿದಾಗಲೆಲ್ಲ ಚೂರೂ ಅಲುಗುತ್ತಿತ್ತು. ಹಾಗೇ ಬಿಟ್ಟರೆ ಕಾರ್ಡಿನ ಮೇಲೆ ಗೀರು ಬೀಳುವುದು ಖಂಡಿತ.

ಅದು ಮ್ಯಾಚಾಂಪ್ ಎಂಬ ಪೋಕೆಮಾನ್ ಚಿತ್ರದ ಕಾರ್ಡು, 1999ರದ್ದು. ಆಗ ಆಟ ಕಲಿಯುವವರಿಗೆಂದು ಮಾರುತ್ತಿದ್ದ ಡಬ್ಬಿಗಳಲ್ಲೆಲ್ಲ ಇದೊಂದು ಇರುತ್ತಿದ್ದುದರಿಂದ ಬೆಲೆ ಅಂಥಾದ್ದೇನಲ್ಲ. ಆದರೆ ಇದನ್ನು ಕೊಟ್ಟವನು ಇವನ ಜೀವದ ಗೆಳೆಯ. ಅಪ್ಪನ ಕೆಲಸಕ್ಕಾಗಿ ಊರು ಬಿಟ್ಟು ಹೋಗುವಾಗ ತನ್ನಲ್ಲಿದ್ದ ಒಂದೇ ಒಂದು 'ಪೆಟ್ಟಿಗೆ ಕಾರ್ಡ'ನ್ನು ಇವನ ಕೈಗಿಟ್ಟು ಹೋಗಿದ್ದ. ಅಂಥದ್ದಕ್ಕೆ ಎಷ್ಟು ಡಾಲರ್ ಎಂದು ಕೇಳಬಾರದು.

ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಸುತ್ತಿದ್ದೆವು. ಪೊಟ್ಟಣವನ್ನು ನೀರಲ್ಲಿ ನೆನೆಸಿ, ಚಿತ್ರ ತಾನಾಗಿ ಬಿಡುವವರೆಗೆ ಕಾದು, ಹಳೇ ನೋಟ್‌ಬುಕ್ಕಿನ ಹಾಳೆಗಳ ನಡುವೆ ಒಣಗಿಸುವುದು. ಅವಸರಪಟ್ಟು ಎಳೆದರೆ ಹುಲಿಯ ಬಾಲ ಪೊಟ್ಟಣದಲ್ಲೇ ಉಳಿಯುತ್ತಿತ್ತು. ಅಮೆರಿಕದ ಮಕ್ಕಳು ಇದೇ ರೀತಿ ಬೇಸ್‌ಬಾಲ್ ಆಟಗಾರರ ಕಾರ್ಡು ಕೂಡಿಸಿದರು. ಆಮೇಲೆ ಪೋಕೆಮಾನ್ ಬಂತು. ಹಳೆಯ ಕಾರ್ಡುಗಳಿಗೆ ಸಾವಿರ, ಲಕ್ಷ ಡಾಲರ್ ಬೆಲೆ ಬಂದ ಮೇಲೆ 'ಇದು ಅಸಲಿಯೇ, ಎಷ್ಟು ಚೆನ್ನಾಗಿದೆ' ಎಂದು ಹೇಳಲು ಮೂರನೆಯವರು ಬೇಕಾದರು. ಅಂಥ ಸಂಸ್ಥೆಗಳಲ್ಲಿ ಹೆಸರಾದದ್ದು 1991ರಲ್ಲಿ ಶುರುವಾದ ಪಿಎಸ್ಎ. ಕಾರ್ಡು ಕಳಿಸಿದರೆ ಮೂಲೆ, ಅಂಚು, ಮೈ, ಚಿತ್ರ ನಡುಮಧ್ಯೆ ಕೂತಿದೆಯೇ ಎಂಬುದನ್ನೆಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಹೋಳುಗಳ ನಡುವೆ ಕಾರ್ಡನ್ನೂ ಅಂಕದ ಚೀಟಿಯನ್ನೂ ಇಟ್ಟು ಸೀಲ್ ಮಾಡುತ್ತಾರೆ. ಹುಡುಗರ ಬಾಯಲ್ಲಿ ಈ ಪೆಟ್ಟಿಗೆಗೆ 'ಸ್ಲ್ಯಾಬ್' ಎಂದು ಹೆಸರು.

ಪೆಟ್ಟಿಗೆಯೊಳಗಿದ್ದ ಮಾತ್ರಕ್ಕೆ ಎಲ್ಲವೂ ಸತ್ಯವಲ್ಲ ಅನ್ನುವುದಕ್ಕೂ ಒಂದು ಕಥೆಯಿದೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕುಗಳಲ್ಲಿ ಬರುತ್ತಿದ್ದ ಒಂದು ಸರಣಿಯದ್ದು. ಅವನದ್ದು ಈಗ ಉಳಿದಿರುವುದು ತೀರ ಕಡಿಮೆ. ಅದರಲ್ಲೊಂದನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 4,51,000 ಡಾಲರಿಗೆ ಕೊಂಡರು. ಪಿಎಸ್ಎ ಮೊಟ್ಟಮೊದಲು ಅಂಕ ಕೊಟ್ಟ ಕಾರ್ಡು ಅದೇ. ಅಂಕ 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಆದರೆ ಅದಕ್ಕೂ ಮುಂಚೆ ಆ ಕಾರ್ಡನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೋ ಎಂಬ ವ್ಯಾಪಾರಿ, ಅದರ ಅಂಚುಗಳನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆನೆಂದು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ! ಇದನ್ನು ಮೊಮ್ಮಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: "ಹಾಗಾದ್ರೆ ನನ್ನದನ್ನ ತೆಗೆಯೋಣ್ವಾ?"

ತಡಿ ಮಾರಾಯ ಅಂದೆ. ಸೀಲ್ ಒಡೆದರೆ ಅಂಕ ಹೋಯಿತು. ಕಾರ್ಡು ಅದೇ ಇರುತ್ತದೆ. ಆದರೆ ಕೊಳ್ಳುವವನ ಪಾಲಿಗೆ ಅದು ಚೀಟಿಯಿಲ್ಲದ ಬರಿಯ ಕಾರ್ಡು. ಒಡೆದ ಪೆಟ್ಟಿಗೆ ಮತ್ತೆ ಅಂಟುವುದಿಲ್ಲ, ಅಂಟಿಸಿದರೂ ಯಾರೂ ನಂಬುವುದಿಲ್ಲ. ಪೆಟ್ಟಿಗೆ ಸೀಳಿದ್ದರೆ ಹಾಗೆಯೇ ಸಂಸ್ಥೆಗೆ ಕಳಿಸಿ ಹೊಸ ಪೆಟ್ಟಿಗೆ ಹಾಕಿಸಿಕೊಳ್ಳುವ ಸೌಲಭ್ಯವಿದೆ. ಬೇರೆ ಸಂಸ್ಥೆಯ ಅಂಕ ಬೇಕಿದ್ದರೂ ಪೆಟ್ಟಿಗೆ ಸಮೇತ ಕಳಿಸಬಹುದು. ಬೆಲೆಬಾಳುವ ಕಾರ್ಡಾದರೆ ಅದೇ ಸರಿಯಾದ ದಾರಿ. ಮನೆಯಲ್ಲಿ ಕೈ ಹಾಕಲೇಬಾರದು. ನಾವೂ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆವು. ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಸೇರಿಸಿದರೆ ಕಾರ್ಡಿನ ಪೇಟೆ ಬೆಲೆಗಿಂತ ಹೆಚ್ಚಾಯಿತು. ಮೇಲಾಗಿ ಇವನಿಗೆ ಮಾರುವ ಯೋಚನೆಯೇ ಇಲ್ಲ, ಆಲ್ಬಮ್ಮಿನಲ್ಲಿ ಇಟ್ಟುಕೊಳ್ಳಬೇಕು. ತೆಗೆಯೋಣ ಎಂದು ತೀರ್ಮಾನವಾಯಿತು.

ಈ ಪೆಟ್ಟಿಗೆಗಳಿಗೆ ಗೋಂದು ಹಾಕಿರುವುದಿಲ್ಲ. ಕಿವಿಗೆ ಕೇಳಿಸದಷ್ಟು ವೇಗದ ಕಂಪನದಿಂದ ಎರಡೂ ಹೋಳುಗಳ ಅಂಚನ್ನು ಕರಗಿಸಿ ಬೆಸೆದಿರುತ್ತಾರೆ. ಹಾಗಾಗಿ ನಮ್ಮ ಬೆಂಕಿಪೊಟ್ಟಣದ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಬಿಸಿನೀರು, ಹೇರ್ ಡ್ರೈಯರ್, ಉಗುರುಬಣ್ಣ ತೆಗೆಯುವ ದ್ರಾವಣ ಯಾವುದೂ ಬೇಡ; ಮೊದಲು ಕೆಡುವುದು ಕಾರ್ಡು. ಸುತ್ತಿಗೆಯಂತೂ ಬೇಡವೇ ಬೇಡ. ಗರಗಸ ಹಾಕಿದರೆ ಪ್ಲಾಸ್ಟಿಕ್ ಪುಡಿ ಒಳಗೆ ಹೋಗಿ ಮಿರುಗುವ ಚಿತ್ರದ ಮೇಲೆ ಕೂರುತ್ತದೆ.

ಬೇಕಾದದ್ದು ಇಷ್ಟೇ: ವೈರ್ ಕತ್ತರಿಸುವ ಕಟಿಂಗ್ ಪ್ಲೈಯರ್, ಚಪ್ಪಟೆ ಬಾಯಿಯ ಸಣ್ಣ ಸ್ಕ್ರೂಡ್ರೈವರ್, ದಪ್ಪ ಟವೆಲ್, ಎಡಗೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ. ನನ್ನ ಹಾಗೆ ಓದುವ ಕನ್ನಡಕ ಸಾಕು ಅಂದುಕೊಳ್ಳಬೇಡಿ, ಪಕ್ಕ ಮುಚ್ಚುವ ರಕ್ಷಣಾ ಕನ್ನಡಕವೇ ಬೇಕು. ಈ ಪ್ಲಾಸ್ಟಿಕ್ ಮುರಿದಾಗ ಗಾಜಿನ ಹಾಗೆ ಸಿಡಿಯುತ್ತದೆ. ಮಕ್ಕಳೇ, ಕತ್ತರಿಸುವ ಕೆಲಸ ದೊಡ್ಡವರದ್ದು. ನೀವೂ ಕನ್ನಡಕ ಹಾಕಿಕೊಂಡು ಒಂದು ಮಾರು ದೂರ ನಿಂತು ನೋಡಿ.

ಮೊದಲು ಅಗ್ಗದ ಕಾರ್ಡಿನ ಮೇಲೆ ಕೈ ಪಳಗಿಸಿಕೊಳ್ಳೋಣ ಎಂದು ಅಂಗಡಿಯ ಕಡಿಮೆ ಬೆಲೆಯ ಡಬ್ಬಿಯಿಂದ ಪೆಟ್ಟಿಗೆ ಸಮೇತ ಒಂದು ಬೇಸ್‌ಬಾಲ್ ಕಾರ್ಡು ತಂದೆವು. ತಂದದ್ದೇ ಒಳ್ಳೆಯದಾಯಿತು. ನಾನು ಮಾಡಿದ ತಪ್ಪು: ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮುಂದಕ್ಕೆ ತಳ್ಳಿದೆ. ಅದು ಸರಕ್ಕನೆ ಒಳಗೆ ಜಾರಿ ಕಾರ್ಡಿನ ಒಂದು ಮೂಲೆಯನ್ನು ಕಚ್ಚಿಬಿಟ್ಟಿತು. ಮೊಮ್ಮಗ ಏನೂ ಮಾತಾಡಲಿಲ್ಲ. ತನ್ನ ಮ್ಯಾಚಾಂಪನ್ನು ಮೇಜಿನ ಮೇಲಿಂದ ಎತ್ತಿಕೊಂಡು ಎದೆಗೊತ್ತಿಕೊಂಡ.

ಬ್ಯಾಂಕಿನಲ್ಲಿ ನಾನು ಕ್ಯಾಶ್ ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ನೋಟಿನ ಕಟ್ಟುಗಳಿಗೆ ಸ್ಟೇಪಲ್ ಪಿನ್ ಹೊಡೆದಿರುತ್ತಿದ್ದರು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು. ಪಿನ್ನನ್ನು ಎಳೆದರೆ ನೋಟು ಹರಿಯುತ್ತದೆ. ಅದರ ಕಾಲುಗಳನ್ನು ನೆಟ್ಟಗೆ ಮಾಡಿ ಎತ್ತಿದರೆ ತಾನೇ ಬರುತ್ತದೆ. ಇಲ್ಲಿಯೂ ತಳ್ಳುವುದಲ್ಲ, ತಿರುಗಿಸುವುದು ಎಂದು ಆಗ ಹೊಳೆಯಿತು.

ಮಧ್ಯಾಹ್ನ ಊಟವಾದ ಮೇಲೆ ಅಸಲಿ ಕೆಲಸ. ಮೊದಲು ಕಾರ್ಡಿನ ಮುಂದೆ, ಹಿಂದೆ, ಚೀಟಿಯ ಮೇಲಿನ ನಂಬರು ಎಲ್ಲದರ ಫೋಟೊ ತೆಗೆದೆವು. ಪೆಟ್ಟಿಗೆಯಲ್ಲಿ ಚೀಟಿ ಇರುವುದು ಮೇಲೆ, ಕಾರ್ಡು ಕೂತಿರುವುದು ಕೆಳಗಿನ ಹಳ್ಳದಲ್ಲಿ. ಆದ್ದರಿಂದ ಶುರು ಮಾಡಬೇಕಾದದ್ದು ಚೀಟಿಯ ಕಡೆಯಿಂದ; ಕೈ ಜಾರಿದರೂ ಏಟು ಚೀಟಿಗೆ ಬೀಳಲಿ. ಟವೆಲಿನ ಮರೆಯಲ್ಲಿ ಮೇಲಿನ ಎರಡು ಮೂಲೆಗಳನ್ನು ಪ್ಲೈಯರಿನಿಂದ ಒಂದಿಷ್ಟೇ ಕಚ್ಚಿ ಕತ್ತರಿಸಿದೆ. ಅಲ್ಲಿ ಎರಡು ಹೋಳುಗಳ ನಡುವಿನ ಗೆರೆ ಬಾಯಿ ಬಿಟ್ಟಿತು. ಸ್ಕ್ರೂಡ್ರೈವರಿನ ತುದಿಯನ್ನು ಮಾತ್ರ ಅಲ್ಲಿಟ್ಟು ಬೀಗದಲ್ಲಿ ಕೀಲಿ ತಿರುಗಿಸಿದಂತೆ ಮೆಲ್ಲಗೆ ತಿರುಗಿಸಿದೆ. 'ಟಪ್' ಎಂದಿತು. ಒಂದಿಂಚು ಸರಿದು ಮತ್ತೆ ಹಾಗೆಯೇ. ಮೇಲಿನ ಅಂಚು ಮುಗಿದ ಮೇಲೆ ಎಡಪಕ್ಕ, ಆಮೇಲೆ ಬಲಪಕ್ಕ. ಪಕ್ಕಗಳಲ್ಲಿ ಕಾರ್ಡು ತೀರ ಹತ್ತಿರವಿರುವುದರಿಂದ ತುದಿ ಅಂಚಿನ ಗೋಡೆಯನ್ನು ದಾಟದಂತೆ ನೋಡಿಕೊಂಡೆ. ಸ್ವಲ್ಪ ಬಿಟ್ಟುಕೊಂಡಿತು ಎಂದು ಎರಡು ಕೈಯಲ್ಲಿ ಹಿಡಿದು ಬಾಗಿಸಲು ಮನಸ್ಸಾಗುತ್ತದೆ. ಹಾಗೆ ಮಾಡಬೇಡಿ. ಪೆಟ್ಟಿಗೆ ಬಾಗಿದರೆ ಕಾರ್ಡೂ ಬಾಗುತ್ತದೆ. ಮೇಜಿನ ಮೇಲೆ ಮಟ್ಟಸವಾಗಿಯೇ ಇರಲಿ.

ಕೆಲವು ಸಂಸ್ಥೆಗಳ ಪೆಟ್ಟಿಗೆಯಲ್ಲಿ ಕಾರ್ಡಿಗೆ ಇನ್ನೊಂದು ತೆಳು ಪಾರದರ್ಶಕ ಚೀಲವೂ ಇರುತ್ತದೆ. ಅದರಿಂದ ಕಾರ್ಡನ್ನು ಎಳೆಯಬಾರದು. ಚೀಲದ ಅಂಚನ್ನು ಕಾರ್ಡಿನಿಂದ ದೂರದಲ್ಲಿ ಕತ್ತರಿಸಿ ಬಿಡಿಸಬೇಕು. ನಮ್ಮದರಲ್ಲಿ ಆ ತೊಂದರೆ ಇರಲಿಲ್ಲ.

ಮೇಲಿನ ಹೋಳನ್ನು ಪುಸ್ತಕದ ರಟ್ಟು ತೆರೆದ ಹಾಗೆ ಎತ್ತಿದೆ. ಸರಿಯಾಗಿ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನಾನು ಉಸಿರು ಬಿಟ್ಟಿರಲಿಲ್ಲ. ಮೇಲೆ ಬಿದ್ದಿದ್ದ ಚೂರುಗಳನ್ನು ಒರೆಸಲಿಲ್ಲ, ಒರೆಸಿದರೇ ಗೀರು. ಮಗಳ ಮೇಕಪ್ಪಿನ ಮೆತ್ತನೆಯ ಹೊಸ ಬ್ರಷ್ಷಿನಿಂದ ಬರಿದೇ ಹಾರಿಸಿದೆ (ಹೊಸದೇ ಎಂದು ಆಮೇಲೆ ತಿಳಿಯಿತು, ಬೈಸಿಕೊಂಡೆ). ಇನ್ನು ಮುಂದಿನದ್ದು ಮೊಮ್ಮಗನ ಕೆಲಸ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬಂದ. ಹಳ್ಳದಲ್ಲಿದ್ದ ಕಾರ್ಡನ್ನು ಉಗುರಿನಿಂದ ಕೆದಕದೆ, ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿದ. ಕಾರ್ಡು ತಾನೇ ಜಾರಿ ಟವೆಲಿನ ಮೇಲೆ ಬಂದು ಕೂತಿತು. ಅಂಚು ಹಿಡಿದು ಎತ್ತಿ ಮೆತ್ತನೆಯ ಪ್ಲಾಸ್ಟಿಕ್ ಕವರಿಗೆ ಹಾಕುವ ಮುನ್ನ ಕಿಟಕಿಯ ಬೆಳಕಿಗೆ ಹಿಡಿದ.

"ತಾತಾ, ಇಲ್ಲಿ ನೋಡು, ಗೆರೆ."

ಬಲಮೂಲೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಮಡಿಕೆ. ಸಂಸ್ಥೆ ಹತ್ತಕ್ಕೆ ನಾಲ್ಕೇ ಅಂಕ ಕೊಟ್ಟದ್ದು ಇದಕ್ಕೇ ಇರಬೇಕು. ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ನಮಗೆ ಕಂಡಿರಲಿಲ್ಲ. ನನ್ನ ಸ್ಕ್ರೂಡ್ರೈವರಿನದ್ದಲ್ಲ ಎಂದು ಮೊದಲು ತೆಗೆದ ಫೋಟೊ ದೊಡ್ಡದು ಮಾಡಿ ಖಾತ್ರಿಪಡಿಸಿಕೊಂಡೆ. ಮೊಮ್ಮಗನಿಗೆ ಮಾತ್ರ ಅದರಿಂದ ಖುಷಿಯೇ ಆಯಿತು. "ಅವನು ಇದನ್ನ ಸ್ಕೂಲಿಗೆ ಜೇಬಲ್ಲಿ ತರ್ತಿದ್ದ, ಅದಕ್ಕೇ," ಎಂದ. ಆ ಸಂಜೆಯೇ ಗೆಳೆಯನಿಗೆ ವಿಡಿಯೊ ಕರೆ ಮಾಡಿ ಗೆರೆಯನ್ನು ತೋರಿಸಿದ. ಇಬ್ಬರೂ ಅರ್ಧ ಗಂಟೆ ಕಿಲಕಿಲ ನಕ್ಕರು.

ಅಂಕದ ಚೀಟಿಯನ್ನು ಎಸೆಯಲಿಲ್ಲ. ಚೀಟಿಯ ನಂಬರು ಸಂಸ್ಥೆಯ ಲೆಕ್ಕದಲ್ಲಿರುತ್ತದೆ. ಕಾರ್ಡು ಪೆಟ್ಟಿಗೆಯಿಂದ ಹೊರಬಂದಿದೆ ಎಂದು ತಿಳಿಸಿದರೆ ಆ ನಂಬರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಬೇರೆ ಯಾರೋ ಆ ಚೀಟಿಗೆ ಇನ್ನೊಂದು ಕಾರ್ಡು ಕೂಡಿಸಿ ಮೋಸ ಮಾಡದಿರಲಿ ಎಂದು ಮಗಳ ಕೈಯಲ್ಲಿ ಬರೆಸಿ ಕಳಿಸಿದೆವು.

ಮೇಜು, ನೆಲ ಎಲ್ಲ ಎರಡು ಸಲ ವ್ಯಾಕ್ಯೂಮ್ ಮಾಡಿದೆವು. ಹಾಗಿದ್ದೂ ಮೂರನೇ ದಿನ ಅಡುಗೆಮನೆಯ ಬಾಗಿಲಲ್ಲಿ ಒಂದು ಚೂರು ನನ್ನ ಹಿಮ್ಮಡಿಗೇ ಚುಚ್ಚಿತು. ಮುಂದಿನ ಸಲ ಈ ಕೆಲಸ ಗ್ಯಾರೇಜಿನಲ್ಲೇ ಎಂದು ಮಗಳ ಅಪ್ಪಣೆಯಾಗಿದೆ.