ಪರದೆಗೆಷ್ಟು ಹೊತ್ತು, ಮಾಸ್ತರರಿಗೆಷ್ಟು ಹೊತ್ತು

2024ರ ಮಾರ್ಚ್ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ಕೊಠಡಿಗಳಿಗೆ ಕ್ಯಾಮೆರಾ ಬಂದಿತ್ತು. ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ದೂರದಲ್ಲಿ ಕೂತು ಪರೀಕ್ಷೆ ನಡೆಯುವುದನ್ನು ನೋಡಿದರು. ಹಿಂದಿನ ವರ್ಷ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಹಂಚಿದ ಮೇಲೆ. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಬಂದ ಯಂತ್ರಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಕೆಲಸ ಮಾಡಿದ್ದು ಈ ಕಾವಲು ಕ್ಯಾಮೆರಾ ಒಂದೇ ಇರಬೇಕು. ಕಲಿಸುವುದು ಅದರ ಕೆಲಸವಾಗಿರಲಿಲ್ಲ; ಮಕ್ಕಳು ಏನನ್ನು ಕಲಿತಿಲ್ಲ ಎಂಬುದನ್ನು ಮಾತ್ರ ಅದು ಬಯಲಿಗೆ ತಂದಿತು. ಹಾಗಾದರೆ ಕಲಿಸುವುದಕ್ಕೆಂದೇ ತಂದ ಕಂಪ್ಯೂಟರ್, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಟ್ಯಾಬ್‌ಗಳಿಂದ ಏನಾಯಿತು? ಈ ಪ್ರಶ್ನೆ ವಿಜಯಪುರ (ಬಿಜಾಪುರ) ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಗೆ ಬೆಂಗಳೂರಿಗಿಂತ ಹೆಚ್ಚು ತಟ್ಟುತ್ತದೆ. ಇಲ್ಲಿ ತಪ್ಪು ಯಂತ್ರ ಕೊಂಡರೆ ಅದರ ನಷ್ಟವನ್ನು ತುಂಬಿಕೊಡುವ ಟ್ಯೂಷನ್ ಮನೆಗಳಾಗಲಿ, ಇಂಗ್ಲಿಷ್ ಓದಿದ ತಾಯಿ ತಂದೆಗಳಾಗಲಿ ಮಕ್ಕಳಿಗೆ ಸುಲಭವಾಗಿ ಸಿಗುವುದಿಲ್ಲ.

ಉತ್ತರಕ್ಕೆ ಮೊದಲು ಹೊರಗಿನ ಅನುಭವ ನೋಡೋಣ. ಪರದೆ ಮತ್ತು ಪಾಠವನ್ನು ಬೆರೆಸುವ 'ಮಿಶ್ರ ಕಲಿಕೆ'ಯ ಪ್ರಯೋಗಗಳು ಅಮೆರಿಕದಲ್ಲಿ ಜೋರಾಗಿ ನಡೆದದ್ದು ಚಾರ್ಟರ್ ಶಾಲೆಗಳಲ್ಲಿ. ಸರ್ಕಾರದ ಹಣ, ಸ್ವತಂತ್ರ ಮಂಡಳಿಯ ಆಡಳಿತ, ಮಕ್ಕಳಿಗೆ ಫೀ ಇಲ್ಲ, ಒಪ್ಪಂದದಂತೆ ಫಲ ತೋರಿಸದಿದ್ದರೆ ಬಾಗಿಲು ಮುಚ್ಚಬೇಕು: ಇದು ಚಾರ್ಟರ್ ಶಾಲೆಯ ಕರಾರು. 1991ರಲ್ಲಿ ಮಿನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅನುದಾನಿತ ಶಾಲೆ. ಫ. ಗು. ಹಳಕಟ್ಟಿಯವರು 1910ರಲ್ಲಿ ಬಿಜಾಪುರದಲ್ಲಿ ಕಟ್ಟಿದ ಬಿಎಲ್‌ಡಿಇ ಸಂಸ್ಥೆಯಂಥವು ಸರ್ಕಾರಿ ಅನುದಾನದ ಜೊತೆಗೆ ಬೆಳೆದು ಬಂದವು. ಆದರೆ ಫಲ ಬರದಿದ್ದರೆ ಮುಚ್ಚಬೇಕೆಂಬ ಕರಾರು ಅನುದಾನಕ್ಕಿಲ್ಲ. 2008ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 6,000 ಮಾದರಿ ಶಾಲೆಗಳನ್ನು ತೆರೆಯುವ ಯೋಜನೆ ಹಾಕಿದಾಗ ಅದರಲ್ಲಿ 2,500 ಶಾಲೆಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ನಡೆಸುವ ಯೋಚನೆ ಇತ್ತು. ಚಾರ್ಟರ್ ಶಾಲೆಯ ಭಾರತೀಯ ರೂಪ ಅದೇ ಆಗಬಹುದಿತ್ತು. ಆದರೆ ನೆಲೆಯೂರಿದ್ದು ಇನ್ನೊಂದು ಪಾಲು, ಹಿಂದುಳಿದ ಬ್ಲಾಕುಗಳಲ್ಲಿ ರಾಜ್ಯ ಸರ್ಕಾರಗಳೇ ನಡೆಸುವ 3,500 ಶಾಲೆಗಳ ಭಾಗ. ಕರ್ನಾಟಕದಲ್ಲಿ ಅವು 74 ಆದರ್ಶ ವಿದ್ಯಾಲಯಗಳಾದವು. ಗ್ರಾಮೀಣ ಹೆಣ್ಣುಮಕ್ಕಳ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆ ಇದ್ದು, ಗಂಡು ಹೆಣ್ಣಿನ ಸಾಕ್ಷರತೆಯ ಅಂತರ ಹೆಚ್ಚಿದ್ದ ಬ್ಲಾಕುಗಳನ್ನು ಅದಕ್ಕೆ ಆರಿಸಿದರು. ಇಂಡಿ, ಸಿಂದಗಿ ಮೊದಲಾದ ಈ ನಾಲ್ಕು ತಾಲೂಕುಗಳಿಗೂ ಒಂದೊಂದು ಶಾಲೆ ಬಂತು. ಪ್ರವೇಶ ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರಬೇಕು, ಮಾಧ್ಯಮ ಇಂಗ್ಲಿಷ್. 2015ರಲ್ಲಿ ಕೇಂದ್ರ ಕೈ ಬಿಟ್ಟಿತು, ರಾಜ್ಯ ಹೊತ್ತುಕೊಂಡಿತು.

ಯಂತ್ರಗಳ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿದ್ದೇನೂ ಅಲ್ಲ. ಈ ಶತಮಾನದ ಆರಂಭದಲ್ಲೇ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆ ಬಂತು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸಿ.ಡಿ.ಗಳಲ್ಲಿ ಕಂಪ್ಯೂಟರ್ ಪಾಠ ಮಾಡಿ ವರ್ಷಗಟ್ಟಲೆ ಹಂಚಿತು. ಆಮೇಲೆ ಅದರಿಂದ ಹಿಂದೆ ಸರಿದು ಶಿಕ್ಷಕರ ಜೊತೆಗಿನ ಕೆಲಸಕ್ಕೆ ತಿರುಗಿತು. ಸಾಫ್ಟ್‌ವೇರ್ ಕಂಪನಿಯ ದುಡ್ಡಿನಿಂದ ಹುಟ್ಟಿದ ಸಂಸ್ಥೆಯೇ ಆ ತೀರ್ಮಾನಕ್ಕೆ ಬಂದದ್ದು ಸಣ್ಣ ಮಾತಲ್ಲ. ಕಂಪ್ಯೂಟರ್ ಲ್ಯಾಬುಗಳದ್ದು ಬೇರೆ ಕಥೆ. ಹೊರಗಿನ ಏಜೆನ್ಸಿ ಯಂತ್ರ ಕೂಡಿಸಿ, ಬೋಧಕರನ್ನು ಕೊಟ್ಟು, ಐದು ವರ್ಷ ನಡೆಸಿ ಶಾಲೆಗೆ ಒಪ್ಪಿಸಿ ಹೋಗುವ ವ್ಯವಸ್ಥೆ ಅದಾಗಿತ್ತು. ಒಪ್ಪಂದ ಮುಗಿದ ದಿನ ಬೋಧಕರು ಹೋಗುತ್ತಿದ್ದರು, ಯುಪಿಎಸ್ ಬ್ಯಾಟರಿಯ ಆಯುಸ್ಸೂ ಅಷ್ಟೊತ್ತಿಗೆ ಮುಗಿದಿರುತ್ತಿತ್ತು, ಹೊಸ ಬ್ಯಾಟರಿಗೆ ಯಾವ ಲೆಕ್ಕದಿಂದ ಹಣ ಎನ್ನುವುದಕ್ಕೆ ಮುಖ್ಯ ಗುರುಗಳ ಹತ್ತಿರ ಉತ್ತರವಿರುತ್ತಿರಲಿಲ್ಲ. ಯಂತ್ರ ಚಾಲೂ ಇದ್ದಾಗಲೂ ಲೆಕ್ಕ ಹಾಕಿ ನೋಡಿ. ನಲವತ್ತು ನಿಮಿಷದ ಪಿರಿಯಡ್, ಹತ್ತು ಕಂಪ್ಯೂಟರ್, ನಲವತ್ತು ಮಕ್ಕಳು. ಸಾಲಾಗಿ ಬಂದು ಕೂತು, ಯಂತ್ರ ಆನ್ ಆಗುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತದೆ. ಉಳಿದ ಹೊತ್ತಿನಲ್ಲಿ ಮೌಸ್ ಹಿಡಿಯುವುದು ನಾಲ್ವರಲ್ಲಿ ಚುರುಕಾದ ಒಬ್ಬನೇ. ಮೂವರು ಅವನ ಭುಜದ ಮೇಲಿಂದ ನೋಡುತ್ತಾರೆ, ಆ ಮೂವರಲ್ಲಿ ಹೆಣ್ಣುಮಕ್ಕಳು ಹೆಚ್ಚು.

ಇದೆಲ್ಲ ನಿರ್ವಹಣೆಯ ದೋಷ, ಸರಿಯಾಗಿ ನಡೆಸಿದರೆ ಯಂತ್ರ ಕಲಿಸುತ್ತದೆ ಎಂಬ ವಾದವಿದೆ. ಸರಿಯಾಗಿ ನಡೆಸಿದ ಕಡೆಯ ಸಾಕ್ಷ್ಯ ಅದನ್ನು ಅರ್ಧ ಮಾತ್ರ ಒಪ್ಪುತ್ತದೆ. ಗುಜರಾತಿನ ಜ್ಞಾನಶಾಲಾ ಎಂಬ ಸ್ವಯಂಸೇವಾ ಶಾಲೆಗಳ ಜಾಲದಲ್ಲಿ ಲೀ ಲಿಂಡೆನ್ ಎಂಬ ಅರ್ಥಶಾಸ್ತ್ರಜ್ಞ ನಡೆಸಿದ ಅಧ್ಯಯನ ಇದಕ್ಕೆ ಕನ್ನಡಿ. ಗಣಿತದ ಅದೇ ಸಾಫ್ಟ್‌ವೇರನ್ನು ಎರಡು ರೀತಿ ಬಳಸಿದರು. ಕೆಲವು ಕಡೆ ಶಾಲೆಯ ಪಾಠದ ಹೊತ್ತನ್ನೇ ಕತ್ತರಿಸಿ ಕಂಪ್ಯೂಟರಿಗೆ ಕೊಟ್ಟರು. ಕೆಲವು ಕಡೆ ಶಾಲೆಯ ಹೊತ್ತಿನಾಚೆ ಅದನ್ನು ಸೇರಿಸಿದರು. ಮೊದಲನೆಯ ಕಡೆ ಮಕ್ಕಳು ಕಂಪ್ಯೂಟರೇ ಇಲ್ಲದವರಿಗಿಂತ ಬಹಳ ಕಡಿಮೆ ಕಲಿತರು. ಎರಡನೆಯ ಕಡೆ ಹೆಚ್ಚು ಕಲಿತರು. ಅಮೆರಿಕದ ಅನುಭವವೂ ಅಂಥದ್ದೇ. 2007ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯಲ್ಲಿ ಶುರುವಾದ ರಾಕೆಟ್‌ಶಿಪ್ ಚಾರ್ಟರ್ ಶಾಲೆಗಳು ಮಿಶ್ರ ಕಲಿಕೆಯಿಂದಲೇ ಹೆಸರಾದವು. ಯಶಸ್ಸಿನ ಹುರುಪಿನಲ್ಲಿ ಅವು ನೂರರ ಸುಮಾರು ಮಕ್ಕಳನ್ನು ಒಂದೇ ದೊಡ್ಡ ಕೋಣೆಯಲ್ಲಿ ಕೂರಿಸಿ ಶಿಕ್ಷಕರನ್ನೂ ಕಂಪ್ಯೂಟರುಗಳನ್ನೂ ಅಲ್ಲೇ ಬೆರೆಸಿದವು. ಅಂಕಗಳು ಕುಸಿದವು, ಆ ಪ್ರಯೋಗ ಕೈಬಿಟ್ಟರು. ಇಡೀ ಶಾಲೆಯೇ ಆನ್‌ಲೈನ್ ಆಗಿದ್ದ ಚಾರ್ಟರ್‌ಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಕೇಂದ್ರ 2015ರಲ್ಲಿ ಅಳೆದಾಗ, ಸಾಧಾರಣ ಶಾಲೆಯ ಅಂಥದ್ದೇ ಮಕ್ಕಳಿಗೆ ಹೋಲಿಸಿದರೆ ಗಣಿತದಲ್ಲಿ ವರ್ಷಕ್ಕೆ 180 ದಿನದಷ್ಟು ಕಲಿಕೆ ಕಡಿಮೆ ಬಿತ್ತು. ಅಲ್ಲಿ ಶಾಲೆ ನಡೆಯುವುದೇ ವರ್ಷಕ್ಕೆ 180 ದಿನ.

ಹಾಗಿದ್ದರೆ ಯಂತ್ರವನ್ನು ಮೂಲೆಗಿಟ್ಟರೆ ಆಯಿತಲ್ಲ ಎಂದರೆ, ಅದೂ ಸರಿಯಲ್ಲ. ದಿಲ್ಲಿಯಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಯಾರೂ ತಳ್ಳಿಹಾಕುವಂಥದ್ದಲ್ಲ. ಬಡ ಕುಟುಂಬಗಳ 619 ಮಕ್ಕಳಲ್ಲಿ ಲಾಟರಿ ಎತ್ತಿ, ಗೆದ್ದವರಿಗೆ ಶಾಲೆ ಬಿಟ್ಟ ಮೇಲೆ ಒಂದೂವರೆ ತಾಸು ಕಲಿಕೆ: ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಅರ್ಧ ಹೊತ್ತು ಸಹಾಯಕರೊಬ್ಬರ ಬಳಿ ಸಣ್ಣ ಗುಂಪಿನಲ್ಲಿ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ ಇವರ ಗಳಿಕೆ ಉಳಿದವರ ಎರಡು ಪಟ್ಟಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿ ಹೊರಬಿದ್ದ ಇನ್ನೊಂದು ಸಂಗತಿ. ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು, ಒಂಬತ್ತಕ್ಕೆ ಬರುವಷ್ಟರಲ್ಲಿ ಆ ಅಂತರ ಇನ್ನೂ ಹಿಗ್ಗಿತ್ತು. ಪಠ್ಯಪುಸ್ತಕ ಮುಂದೆ ಹೋಗುತ್ತಲೇ ಇರುತ್ತದೆ, ಮಗು ಎಲ್ಲೋ ಒಂದು ಕಡೆ ನಿಂತುಬಿಟ್ಟಿರುತ್ತದೆ.

ಆ ನಿಂತ ಜಾಗ ಹೇಗಿರುತ್ತದೆ ಎಂಬುದಕ್ಕೆ ಒಂದೇ ಲೆಕ್ಕ ಸಾಕು. 503ರಲ್ಲಿ 278 ಕಳೆಯಬೇಕು. ಮಗು 375 ಎಂದು ಬರೆಯುತ್ತದೆ. ಮೂರರಲ್ಲಿ ಎಂಟು ಹೋಗುವುದಿಲ್ಲ, ಹಾಗಾಗಿ ಎಂಟರಲ್ಲಿ ಮೂರು ಕಳೆದು ಐದು; ಸೊನ್ನೆಯಲ್ಲಿ ಏಳು ಹೋಗುವುದಿಲ್ಲ, ಏಳೇ ಇರಲಿ; ಐದರಲ್ಲಿ ಎರಡು ಹೋದರೆ ಮೂರು. ಮಗು ದಡ್ಡತನದಿಂದ ಹೀಗೆ ಮಾಡಿಲ್ಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಒಂದನೆಯ ತರಗತಿಯಲ್ಲಿ ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ತಿಳಿಯಬೇಕಾದದ್ದು ದಶಕದ ಮನೆ ಖಾಲಿ ಇದ್ದಾಗ ನೂರರ ಮನೆಯಿಂದ ಕಡ ತರುವ ಬಗೆ. ಅರವತ್ತು ಮಕ್ಕಳ ನೋಟ್‌ಬುಕ್ಕಿನಲ್ಲಿ ತಪ್ಪು ಗುರುತು ಹಾಕುತ್ತ ಹೋಗುವ ಶಿಕ್ಷಕಿಗೆ 375ರ ಹಿಂದಿರುವ ಈ ತರ್ಕ ಹಿಡಿಯಲು ಪುರಸೊತ್ತಿಲ್ಲ. ಒಳ್ಳೆಯ ತಂತ್ರಾಂಶಕ್ಕೆ ಅದೇ ಕೆಲಸ. ಇಂಥದ್ದೇ ತಪ್ಪು ಮೂರು ಸಲ ಬಂದರೆ ಅದು ಮಗುವನ್ನು ಹಿಂದಕ್ಕೆ, ಸ್ಥಾನಬೆಲೆಯ ಲೆಕ್ಕಕ್ಕೆ ಕರೆದೊಯ್ಯುತ್ತದೆ. ಗೋಡೆಯ ಸ್ಮಾರ್ಟ್ ಬೋರ್ಡ್ ಇದನ್ನು ಮಾಡಲಾರದು. ಅದು ಇಡೀ ತರಗತಿಗೆ ಒಂದೇ ಚಿತ್ರ ತೋರಿಸುತ್ತದೆ, ಕರಿಹಲಗೆ ತೋರಿಸುವಂತೆಯೇ. ನಮ್ಮ ಖರೀದಿಗಳೆಲ್ಲ ಬೋರ್ಡಿನ ಕಡೆ ವಾಲುವುದಕ್ಕೆ ಕಾರಣ ಉದ್ಘಾಟನೆಯ ಫೋಟೊದಲ್ಲಿ ಅದು ಚೆನ್ನಾಗಿ ಕಾಣುವುದು ಎಂದರೆ ಕುಹಕವಾದೀತು, ಆದರೂ ಇರಲಿ.

ಆದ್ದರಿಂದ ನನ್ನ ವಾದ ಇಷ್ಟು: ಈ ನಾಲ್ಕು ತಾಲೂಕುಗಳಲ್ಲಿ ಪರದೆಗೆ ಶಿಕ್ಷಕರ ಗಂಟೆಯಿಂದ ಒಂದು ನಿಮಿಷವನ್ನೂ ಕಡಿದು ಕೊಡಬಾರದು, ಅದಕ್ಕೆಂದೇ ಬೇರೆ ಹೊತ್ತು ಹುಡುಕಿ ಕೊಡಬೇಕು, ಮತ್ತು ಆ ಹೊತ್ತು ಮಗು ನಿಂತ ಜಾಗದಿಂದ ಶುರುವಾಗಬೇಕು. ಇದರ ಅಗತ್ಯ ಆದರ್ಶ ವಿದ್ಯಾಲಯದ ಆರನೆಯ ತರಗತಿಗೆ ಇರುವಷ್ಟು ಬೇರೆ ಎಲ್ಲೂ ಇರಲಾರದು. ಐದು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಮಗು ಜೂನ್‌ನಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕದ ಮುಂದೆ ಕೂರುತ್ತದೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಇಂಡಿಯ ಗಡಿಯಂಚಿನ ಕೆಲವು ಮಕ್ಕಳಿಗೆ ಮರಾಠಿ. ಅವರಿಗೆ ಇಂಗ್ಲಿಷ್ ಮೂರನೆಯ ಭಾಷೆ. ಗಣಿತ ಬಲ್ಲ ಮಗುವೂ ಪ್ರಶ್ನೆ ಓದಲಾರದೆ ಸೋಲುತ್ತದೆ. ಅದೇ ಲೆಕ್ಕವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೇಳಿಸಿ, ಓದಿಸಿ, ಮಗು ಬೇಕೆಂದಷ್ಟು ಸಲ ಬೇಸರವಿಲ್ಲದೆ ತಿರುಗಿಸುವ ತಾಳ್ಮೆ ಯಂತ್ರಕ್ಕಿದೆ. ಹಳ್ಳಿಯ ಸಾಧಾರಣ ಶಾಲೆಗಳಲ್ಲಿ ಇನ್ನೊಂದು ತೊಂದರೆ, ಗುಳೆ. ಕಬ್ಬಿನ ಹಂಗಾಮು ಶುರುವಾದರೆ ಕುಟುಂಬಗಳು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆಂದು ಗೋವಾಕ್ಕೆ ಹೊರಡುತ್ತವೆ. ತಿಂಗಳುಗಟ್ಟಲೆ ಕಳೆದ ಮೇಲೆ ಮರಳಿದ ಮಗುವಿಗಾಗಿ ಪಾಠ ಕಾದು ಕೂತಿರುವುದಿಲ್ಲ. ಮಗು ಬಿಟ್ಟುಹೋದ ಪುಟದಿಂದಲೇ ಮತ್ತೆ ಎತ್ತಿಕೊಳ್ಳುವ ಅಭ್ಯಾಸ ಇಂಥವರಿಗೆ ಬೇಕು.

ಶಿಕ್ಷಕರೇ ಇಲ್ಲದ ಕಡೆ ಏನು ಮಾಡುವುದು? ಈ ಆಕ್ಷೇಪಕ್ಕೆ ತೂಕವಿದೆ. ಗಣಿತ, ವಿಜ್ಞಾನದ ಹುದ್ದೆ ಖಾಲಿ ಬಿದ್ದು, ಅತಿಥಿ ಶಿಕ್ಷಕರು ತಡವಾಗಿ ಬರುವ ಶಾಲೆಯಲ್ಲಿ ವಿಡಿಯೊ ಪಾಠ ಖಾಲಿ ಕುರ್ಚಿಗಿಂತ ವಾಸಿ. ಅದನ್ನು ಒಪ್ಪುತ್ತೇನೆ. ಆದರೆ ಪಕ್ಕದಲ್ಲಿ ಕೂತು ಕೇಳುವ, ತಿದ್ದುವ ಒಬ್ಬರಿಲ್ಲದೆ ಅದು ನಿಲ್ಲುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆದರೂ ಇಲಾಖೆ 'ವಿದ್ಯಾಗಮ' ಎಂದು ಶಿಕ್ಷಕರನ್ನು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಕಳಿಸಬೇಕಾಯಿತು. ಅದೇ ಕೊರೊನಾ ಕಾಲದಲ್ಲಿ ಆಫ್ರಿಕದ ಬೋಟ್ಸ್ವಾನದಲ್ಲಿ 4,500 ಮನೆಗಳ ನಡುವೆ ಪ್ರಯೋಗವೊಂದು ನಡೆಯಿತು. ಕೆಲವರಿಗೆ ವಾರಕ್ಕೊಮ್ಮೆ ಲೆಕ್ಕದ ಎಸ್ಸೆಮ್ಮೆಸ್, ಕೆಲವರಿಗೆ ಎಸ್ಸೆಮ್ಮೆಸ್ ಜೊತೆಗೆ ಹೇಳಿಕೊಡುವವರ ಫೋನ್ ಕರೆ. ಬರೀ ಸಂದೇಶದಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಕರೆ ಬಂದ ಮನೆಯ ಮಕ್ಕಳು ಕಲಿತರು. ಕರ್ನಾಟಕದ 'ಗಣಿತ ಗಣಕ' ಕಾರ್ಯಕ್ರಮದಲ್ಲಿ ಮೂರರಿಂದ ಐದನೆಯ ತರಗತಿಯ ಮಕ್ಕಳಿಗೆ ಶಿಕ್ಷಕರು ಫೋನಿನಲ್ಲಿ ಲೆಕ್ಕ ಹೇಳಿಕೊಡುವುದು ಇದೇ ದಾರಿಯದು. ಅದಕ್ಕೆ ಸ್ಮಾರ್ಟ್‌ಫೋನ್ ಕೂಡ ಬೇಡ. ನನ್ನ ಭಯ ಬೇರೆ: ಪರದೆ ಬಂದ ಕಾರಣಕ್ಕೇ ಖಾಲಿ ಹುದ್ದೆ ತುಂಬುವ ಒತ್ತಡ ಸಡಿಲವಾಗುತ್ತದೆ. ಸ್ಮಾರ್ಟ್ ಕ್ಲಾಸ್ ಇದೆ ಎಂದು ವರದಿ ಹೋಗುತ್ತದೆ, ಹುದ್ದೆ ಇನ್ನೊಂದು ವರ್ಷ ಹಾಗೇ ಉಳಿಯುತ್ತದೆ.

ಆದರ್ಶ ವಿದ್ಯಾಲಯ ಪರೀಕ್ಷೆ ಇಟ್ಟು ಜಾಣರನ್ನು ಆರಿಸಿಕೊಳ್ಳುತ್ತದೆ, ಯಂತ್ರದ ಸೌಕರ್ಯವೂ ಅವರಿಗೇ ಹೋದರೆ ಉಳಿದವರ ಗತಿಯೇನು ಎಂದೂ ಕೇಳಬಹುದು. ಚಾರ್ಟರ್ ಶಾಲೆ ಈ ವಿಷಯದಲ್ಲಿ ನಮಗಿಂತ ನೇರ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಬಾಸ್ಟನ್ನಿನಲ್ಲಿ ಹಾಗೆ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದಾಗ ಗೆದ್ದವರ ಕಲಿಕೆ ಎದ್ದು ಕಂಡಿತು. ಆ ಶಾಲೆಗಳಲ್ಲಿ ಯಂತ್ರಕ್ಕಿಂತ ಹೆಚ್ಚು ಲೆಕ್ಕಕ್ಕೆ ಬಂದದ್ದು ಉದ್ದವಾದ ಶಾಲಾ ದಿನ ಮತ್ತು ಹಿಂದುಳಿದವರಿಗೆ ಹತ್ತಿರ ಕೂತು ಹೇಳಿಕೊಡುವ ಪಾಠ. ಇಲ್ಲಿಯೂ ಮೊದಲು ಬೇಕಿರುವುದು ಆ ಹೆಚ್ಚಿನ ಗಂಟೆ, ಅದು ಆದರ್ಶಕ್ಕೂ ಬೇಕು, ಪಕ್ಕದ ಹಳ್ಳಿಯ ಶಾಲೆಗೂ ಬೇಕು. ಹಳ್ಳಿಯ ಶಾಲೆಯಲ್ಲಿ ಮಕ್ಕಳು ಅಲ್ಲಿಯವರೇ, ಸಂಜೆ ಐದೂವರೆವರೆಗೆ ಉಳಿಯುವುದು ಕಷ್ಟವಲ್ಲ. ಉಳಿಯುವ ಶಿಕ್ಷಕರಿಗೋ ಸಹಾಯಕರಿಗೋ ಗೌರವಧನ ಬೇಕು. ಆದರ್ಶದ ಲೆಕ್ಕ ಬೇರೆ. ಹಳೆಯ ತಾಲೂಕಿಗೆ ಒಂದೇ ಶಾಲೆ. ಆಮೇಲೆ ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲ, ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಒಡೆದು ಬೇರೆ ತಾಲೂಕುಗಳಾದವು, ದೂರ ಮಾತ್ರ ಹಾಗೇ ಇದೆ. ದೂರದ ಊರಿನ ಮಕ್ಕಳು ಪಾಸ್ ಹಿಡಿದು ಸರ್ಕಾರಿ ಬಸ್ಸಿಗೆ ಬರುತ್ತಾರೆ, ಶಾಲೆ ಬಿಟ್ಟ ಕೂಡಲೇ ಬಸ್ ನಿಲ್ದಾಣಕ್ಕೆ ಓಡುತ್ತಾರೆ. ಆ ಬಸ್ಸಿನ ಹಿಂದೆ ಆರು ಗಂಟೆಗೆ ಇನ್ನೊಂದು ಬಸ್ ಇಲ್ಲದಿದ್ದರೆ ಸಂಜೆಯ ತರಗತಿಗೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಬಿಡುವುದಿಲ್ಲ. ಹೀಗಾಗಿ ಟ್ಯಾಬ್ ಖರೀದಿಯ ಟೆಂಡರ್ ಕರೆಯುವ ಮುಂಚೆ ಶಾಲಾಭಿವೃದ್ಧಿ ಸಮಿತಿಯವರು ಹೋಗಬೇಕಾದದ್ದು ಕಲ್ಯಾಣ ಕರ್ನಾಟಕ ಸಾರಿಗೆಯ ಡಿಪೊ ಮ್ಯಾನೇಜರರ ಬಳಿಗೆ, ಸಂಜೆಯ ವೇಳಾಪಟ್ಟಿ ಹಿಡಿದುಕೊಂಡು.