ಮಡ್ಡಿಗೆ ರಂಟೆ ಹೂಡುವ ಮುನ್ನ



ಬಾದಾಮಿ, ಹುನಗುಂದ, ಇಳಕಲ್‌ಗಳ ಕಡೆಯಿಂದ ಬಾಗಲಕೋಟೆಗೆ ಬರುವಾಗ ದಾರಿಯ ಪಕ್ಕದ ಮಡ್ಡಿಗಳನ್ನು ತಾವು ನೋಡಿಯೇ ಇರುತ್ತೀರಿ. ಕಲ್ಲು, ಕುರುಚಲು ಗಿಡ, ಬೇಸಿಗೆಯಲ್ಲಿ ಒಣಗಿ ಹಳದಿಯಾದ ಹುಲ್ಲು. ಯಾರ ಉಪಯೋಗಕ್ಕೂ ಬಾರದ ನೆಲವೆಂದು ಭಾವಿಸಿ, ಅಂಚಿನಲ್ಲಿ ಹೊಲವಿದ್ದವರು ವರ್ಷಕ್ಕೆ ನಾಲ್ಕು ಸಾಲಿನಷ್ಟು ರಂಟೆಯನ್ನು ಅದರೊಳಗೆ ಸರಿಸುವುದುಂಟು.

ಇಂಥದೇ ಒಂದು ಮಡ್ಡಿ ಈಗ ವನ್ಯಜೀವಿಧಾಮವಾಗಿದೆ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಅರಣ್ಯವನ್ನು ರಾಜ್ಯ ಸರ್ಕಾರವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ 24 ಸಾವಿರ ಎಕರೆ. ಒಂದು ಕಡೆ ಕೃಷ್ಣೆಯ ಬಯಲು, ಇನ್ನೊಂದು ಕಡೆ ಘಟಪ್ರಭೆಯ ಕಬ್ಬು. ನಡುವೆ ಈ ಒಣ ಗುಡ್ಡಸಾಲು.

ಚಿಂಕಾರವು ತೆಳು ಕಂದು ಬಣ್ಣದ ಸಣ್ಣ ಪ್ರಾಣಿ. ನಮ್ಮ ಕಡೆ ಕೃಷ್ಣಮೃಗವನ್ನೂ ಇದನ್ನೂ ಚಿಗರಿ ಎಂದೇ ಕರೆಯುವುದುಂಟು. ಭುಜದವರೆಗಿನ ಎತ್ತರ ಎರಡು ಅಡಿಗಿಂತ ತುಸು ಹೆಚ್ಚು, ತೂಕ 20–25 ಕಿಲೋ. ಹೆಣ್ಣಿಗೂ ಚಿಕ್ಕ ಕೊಂಬುಗಳಿರುತ್ತವೆ. ಎಲೆ, ಹುಲ್ಲು, ಕಾಯಿಗಳಲ್ಲಿರುವ ತೇವದಿಂದಲೇ ಬಹಳ ದಿನ ನೀರಿಲ್ಲದೆ ಬದುಕಬಲ್ಲದು. ರಾಜಸ್ಥಾನದ ಮರುಭೂಮಿಯಿಂದ ನಮ್ಮ ಬಯಲುಸೀಮೆಯವರೆಗೆ ಇದರ ನೆಲೆಯುಂಟು. ಇದಕ್ಕೆ ಬೇಕಾದುದು ದಟ್ಟ ಕಾಡಲ್ಲ. ದೂರದವರೆಗೆ ಕಣ್ಣು ಹಾಯುವ ಕುರುಚಲು ಬಯಲು. ಅದನ್ನೇ ನಾವು ಪಡ ಎನ್ನುವುದು.

ಇಲ್ಲಿ ವಿಜ್ಞಾನಿಗಳಾದ ನಮ್ಮ ತಪ್ಪನ್ನೂ ಹೇಳಬೇಕು. ಇಂಥ ನೆಲವನ್ನು ಬಹುಕಾಲ ನಾವೂ "ಪಾಳುಭೂಮಿ" ಎಂದೇ ಬರೆದೆವು. ಗಿಡ ಒತ್ತೊತ್ತಾಗಿ ನೆಟ್ಟರೆ ಕಾಡಾಯಿತೆಂದು ತಿಳಿದೆವು. ಬಳ್ಳಾರಿ ಜಾಲಿ ಹಬ್ಬಿದ ಕಡೆ ಹುಲ್ಲು ಸಾಯುತ್ತದೆ. ಹುಲ್ಲು ಸತ್ತರೆ ಚಿಂಕಾರಕ್ಕೂ ಮೇವಿಲ್ಲ, ತಮ್ಮ ಕುರಿಗೂ ಇಲ್ಲ.

ಇನ್ನು ಒತ್ತುವರಿಯ ಮಾತು. ಆಲಮಟ್ಟಿಯ ಹಿನ್ನೀರಿಗೆ ಒಳ್ಳೆಯ ಎರೆ ಹೊಲಗಳನ್ನು ಬಿಟ್ಟುಕೊಟ್ಟ ಜಿಲ್ಲೆ ಇದು. ಎರಡೆಕರೆ ಇದ್ದವನಿಗೆ ಇನ್ನರ್ಧ ಎಕರೆ ಸಿಕ್ಕೀತೆಂಬ ಆಸೆ ಏಕೆ ಹುಟ್ಟುತ್ತದೆಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಬೇಸಾಯದ ಲೆಕ್ಕದಲ್ಲೇ ಇದನ್ನು ನೋಡೋಣ. ಮಡ್ಡಿಯ ಮಣ್ಣು ಗೇಣುದ್ದದ ಗರಸು. ಹಿಂಗಾರಿ ಬಿಳಿಜೋಳ ಬೆಳೆಯುವುದು ಎರೆ ಮಣ್ಣು ಆಳದಲ್ಲಿ ಹಿಡಿದಿಟ್ಟ ತೇವದ ಮೇಲೆ. ಗರಸಿನಲ್ಲಿ ಆ ತೇವ ಎಲ್ಲಿ ನಿಂತೀತು? ಹೊಸದಾಗಿ ಒಡೆದ ನೆಲ ಮೊದಲ ಒಂದೆರಡು ವರ್ಷ ಎಲೆಗೊಬ್ಬರದ ಬಲದಿಂದ ಸಜ್ಜೆ, ಹೆಸರು ಕೊಟ್ಟೀತು. ಆಮೇಲೆ ಕಲ್ಲು ಮೇಲೇಳುತ್ತದೆ.

ಮಣ್ಣು ಹೋಗುವುದೆಲ್ಲಿಗೆ? ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ನೀರು. ಹುಲ್ಲಿನ ಬೇರು ಇದ್ದಾಗ ಆ ನೀರು ನಿಧಾನವಾಗಿ ಇಂಗುತ್ತದೆ. ಇಳಿಜಾರನ್ನು ರಂಟೆ ಹೊಡೆದು ಬರಿದು ಮಾಡಿದರೆ ಮಣ್ಣನ್ನೂ ಎತ್ತಿಕೊಂಡು ಓಡುತ್ತದೆ. ಒಂದು ಎಕರೆಯಲ್ಲಿ ಒಂದೇ ಅಂಗುಲ ಮೇಲ್ಮಣ್ಣು ಕೊಚ್ಚಿದರೂ ಹೋದದ್ದು ಸುಮಾರು 150 ಟನ್. ಅದು ಕೆಳಗಿನ ಕೆರೆಯಲ್ಲಿ, ಹಳ್ಳದ ಒಡ್ಡಿನಲ್ಲಿ ಕೂರುತ್ತದೆ. ಕೆಳಗಿನ ಬಾವಿಗೆ ನೀರಿಲ್ಲ. ಮೇಲೆ ಅರ್ಧ ಎಕರೆ ಗಳಿಸಿದವನ ಅಣ್ಣತಮ್ಮಂದಿರ ಹೊಲವೇ ಬಹುಶಃ ಕೆಳಗಿರುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಕ್ಕೂ ಹುನಗುಂದದ ಮಡ್ಡಿಗೂ ಇದೇ ಲೆಕ್ಕ. ಇಳಕಲ್ ಭಾಗದಲ್ಲಿ ಗ್ರಾನೈಟ್ ಕಲ್ಲಿನ ಕ್ವಾರಿಗಳೂ ಸೇರುವುದರಿಂದ ಉಳಿದ ಹಸಿರು ಇನ್ನಷ್ಟು ಬೆಲೆಯುಳ್ಳದ್ದು.

ಬಗರ್‌ಹುಕುಂ ಅರ್ಜಿ ಕೊಟ್ಟರೆ ಮುಂದೆ ಸಕ್ರಮವಾದೀತೆಂದು ಹೇಳುವವರನ್ನು ನಂಬಬೇಡಿ. ಆ ಸಕ್ರಮ ಕಂದಾಯ ಭೂಮಿಗೆ; ಅರಣ್ಯ ಭೂಮಿಗೆ ಅದು ಅನ್ವಯಿಸುವುದಿಲ್ಲ. ತಲೆತಲಾಂತರದಿಂದ ಅರಣ್ಯದ ನೆಲವನ್ನೇ ನಂಬಿ ಬದುಕಿದವರಿಗೆ ಮಾತ್ರ 2006ರ ಅರಣ್ಯ ಹಕ್ಕು ಕಾಯಿದೆಯ ದಾರಿಯುಂಟು. ಅದಕ್ಕೆ ಗ್ರಾಮಸಭೆಯ ಮೂಲಕ ಅರ್ಜಿ ಹೋಗಬೇಕು, 13 ಡಿಸೆಂಬರ್ 2005ಕ್ಕೆ ಮೊದಲೇ ಅನುಭೋಗದಲ್ಲಿರಬೇಕು. ಪರಿಶಿಷ್ಟ ಪಂಗಡದವರಲ್ಲದಿದ್ದರೆ ಅದಕ್ಕೂ ಹಿಂದಿನ ಮೂರು ತಲೆಮಾರಿನ ವಾಸಕ್ಕೆ ಆಧಾರ ತೋರಿಸಬೇಕು. ಹೋದ ವರ್ಷ ಹೊಡೆದ ರಂಟೆಗೆ ಅದು ಆಸರೆಯಾಗದು.

ಮೇವಿಲ್ಲದೆ ದನಕರು ಏನು ಮಾಡಬೇಕೆಂದು ತಾವು ಕೇಳುವಿರಿ. ಸರಿಯಾದ ಪ್ರಶ್ನೆ. ಕಣಿಕೆಯ ಬಣವಿಯೊಂದನ್ನೇ ನಂಬದೆ ತಮ್ಮ ಹೊಲದ ಬದುಗಳಲ್ಲಿ ಅಂಜನ್ ಹುಲ್ಲು ಮತ್ತು ಸ್ಟೈಲೋ ಬೆಳೆಸಿರಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಚೆನ್ನಾಗಿ ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ (80 ಡಿಗ್ರಿ ಸೆಂಟಿಗ್ರೇಡ್) ನಾಲ್ಕು ನಿಮಿಷ ಅದ್ದಿ, ತೆಗೆದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ನೆರಳಿನಲ್ಲಿ ಆರಿಸಿ. ಮುಂಗಾರು ಕೂತ ಮೇಲೆ ಹಸಿ ಮರಳಿನೊಂದಿಗೆ ಬೆರೆಸಿ ಬದುವಿನ ಮೇಲೆ ಚೆಲ್ಲಿ, ತೆಳುವಾಗಿ ಮಣ್ಣು ಮುಚ್ಚಿದರೆ ಸಾಕು. ಆಳಕ್ಕೆ ಹೋದ ಬೀಜ ಮೊಳೆಯದು. ಮೊದಲ ವರ್ಷ ದನ ಬಿಡಬೇಡಿ; ಎರಡನೆಯ ವರ್ಷದಿಂದ ಕೊಯ್ದು ಹಾಕಿರಿ.

ಧಾಮದ ಸುತ್ತಲಿನ ಕುರಿಗಾರರಿಗೆ ಎರಡು ಮಾತು. ಕುರಿಗಳಿಗೆ ಪಿ.ಪಿ.ಆರ್. ಮತ್ತು ಕಾಲುಬಾಯಿ ಬೇನೆಯ ಲಸಿಕೆ ತಪ್ಪಿಸಬೇಡಿ. ಈ ರೋಗಗಳು ಚಿಂಕಾರಕ್ಕೂ ತಗಲುತ್ತವೆ. ನಾಯಿಗಳನ್ನು ಬಿಟ್ಟು ತಿರುಗಬೇಡಿ. ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು ಹೆಮ್ಮೆಯೇ, ಆದರೆ ಓಟದಲ್ಲಿ ಅದಕ್ಕೆ ಚಿಂಕಾರದ ಮರಿ ಯಾವ ಲೆಕ್ಕ? ಚಿಂಕಾರವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಬೇಟೆಗೆ ಮೂರರಿಂದ ಏಳು ವರ್ಷದವರೆಗೆ ಶಿಕ್ಷೆಯುಂಟು.

ಪ್ರಾಣಿಗಳು ಹೆಸರಿನ ಹೊಲಕ್ಕೆ ಬಿದ್ದರೆ ಉರುಳು ಹಾಕಬೇಡಿ, ಬೇಲಿಗೆ ಕರೆಂಟ್ ಕೊಡಬೇಡಿ. ಆ ಬೇಲಿಗೆ ರಾತ್ರಿ ನೀರು ಹಾಯಿಸಲು ಹೋದ ಮನೆಯವರೇ ಸಿಕ್ಕಿಬಿದ್ದಾರು. ಹಾನಿಯಾದ ಬೆಳೆಯನ್ನು ಕೀಳದೆ ಹಾಗೆಯೇ ಇಟ್ಟು, ಫೋಟೋ ತೆಗೆಸಿ, ಪಹಣಿಯ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿರಿ.